ಬಿಟ್ಟುಬಿಡುತ್ತಿದ್ದ ಪಾಠ

ಹೈದರಾಬಾದಿನ ಸನತ್‌ನಗರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಶಿಕ್ಷಕಿಯಾಗಿದ್ದೆ. ಹತ್ತನೇ ತರಗತಿಯ ಪುಸ್ತಕದಲ್ಲಿ ಎಚ್‌ಐವಿ ಬಗ್ಗೆ ಎರಡು ಪುಟ ಇದ್ದವು. ಪ್ರತಿ ವರ್ಷ, "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಮುಂದಿನ ಪಾಠಕ್ಕೆ ಹಾರುತ್ತಿದ್ದೆ.

ಒಂದು ಜೂನ್‌ನಲ್ಲಿ ಗುಲ್ಬರ್ಗಾ ಕಡೆಯ ಅಜ್ಜಿಯೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಅವರ ಮೊಮ್ಮಗಳು ನನ್ನ ಹತ್ತನೇ ತರಗತಿಯಲ್ಲಿದ್ದಳು.

"ಹುಡುಗಿಗಿ ಹುಟ್ಟಿದಾಗಿಂದ ಎಚ್‌ಐವಿ ಐತ್ರಿ. ತಿಂಗಳಿಗೊಮ್ಮೆ ಗುಳಿಗಿ ತರಾಕ ದವಾಖಾನಿಗಿ ಹೋಗಬೇಕ್ರಿ. ಅವತ್ತೊಂದಿನ ರಜಾ ಕೊಡ್ರಿ ಬಾಯಾರ. ಯಾರ ಮುಂದೂ ಹೇಳಬ್ಯಾಡ್ರಿ."

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಇದನ್ನು ಬರೆಯುವ ಮೊದಲು ಆ ಹುಡುಗಿಯ ಒಪ್ಪಿಗೆ ಪಡೆದಿದ್ದೇನೆ.

ಅವಳು ಮಹಾ ಮಾತುಗಾತಿ. ಒಂದು ದಿನ ಊಟದ ಬಿಡುವಿನಲ್ಲಿ ಡಬ್ಬಿ ತೆರೆದು ಶೇಂಗಾ ಹೋಳಿಗೆ ನನ್ನ ಮುಂದೆ ಹಿಡಿದಳು. ನನ್ನ ಕೈ ಮುಂದೆ ಹೋಗಲಿಲ್ಲ. "ಇವತ್ತು ಉಪವಾಸ" ಎಂದೆ.

ಅವಳು ನನ್ನ ಇನ್ನೊಂದು ಕೈ ನೋಡಿದಳು. ಅದರಲ್ಲಿ ಅರ್ಧ ಕಚ್ಚಿದ ಬಿಸ್ಕತ್ತು ಇತ್ತು.

"ಬಿಸ್ಕೀಟ್ ನಡೀತೈತೇನ್ರಿ ಉಪವಾಸಕ್ಕ?"

ಅವಳು ದನಿ ತಗ್ಗಿಸಿ, "ಕೂಡಿ ಉಂಡ್ರ ಬರಂಗಿಲ್ರಿ ಬಾಯಾರ. ನೀವು ಸೈನ್ಸ್ ಹೇಳೋರು!" ಎಂದು ನಕ್ಕಳು. ನಾಚಿಕೆಯಿಂದಲೇ ಹೋಳಿಗೆ ತೆಗೆದುಕೊಂಡೆ. ರುಚಿ ಹತ್ತಿ ಇನ್ನೊಂದನ್ನೂ ತಿಂದೆ. "ಪ್ರತಿ ವರ್ಷ ಬಿಡ್ತೀರಂತ, ಆ ಪಾಠ ಈ ಸಲ ಬಿಡಬ್ಯಾಡ್ರಿ" ಎಂದಳು.

ಬಿಡಲಿಲ್ಲ. ಮಕ್ಕಳಿಗೆ ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಕೇಳಲು ಹೇಳಿದೆ. ಸೊಳ್ಳೆ ಕಚ್ಚಿದರೆ ಬರುತ್ತದೆಯೇ? ಒಂದೇ ಬೆಂಚಿನಲ್ಲಿ ಕೂತರೆ? ನಾನು ಬಾಯಿ ತೆರೆಯುವ ಮೊದಲೇ ಅವಳ ಕೈ ಮೇಲೇಳುತ್ತಿತ್ತು. ಒಂದು ಉತ್ತರವೂ ತಪ್ಪಲಿಲ್ಲ. ಇವಳು ಪುಸ್ತಕವನ್ನೇ ಅರೆದು ಕುಡಿದುಬಿಟ್ಟಿದ್ದಾಳೆ ಎಂದುಕೊಂಡ ಹುಡುಗರು "ಡಾಕ್ಟರಮ್ಮಾ!" ಎಂದು ಕೂಗಿದರು. ಅವಳು ಎದ್ದು ನಿಂತು ಕೈಮುಗಿದಳು.

ಆ ಗದ್ದಲ ಪಕ್ಕದ ತರಗತಿಗೂ ಕೇಳಿಸಿತ್ತು. ಮರುದಿನ ಅಲ್ಲಿನ ಗಣಿತದ ಮೇಷ್ಟ್ರು ಬಂದು ತೆಲುಗಿನಲ್ಲಿ ಮೆಲ್ಲಗೆ ಕೇಳಿದರು: "ಮೇಡಂ, ಸೊಳ್ಳೆಯಿಂದ ಬರುವುದಿಲ್ಲ ಎನ್ನುವುದು ನಿಜವೇ?" ಆ ಶನಿವಾರ ಸ್ಟಾಫ್ ರೂಮಿನಲ್ಲಿ ಅದೇ ಪಾಠ ಮತ್ತೆ ಹೇಳಿದೆ. ಹೆಡ್‌ಮಾಸ್ಟರು ಮಿರ್ಚಿ ಬಜ್ಜಿ ತರಿಸಿದರು. ಮಕ್ಕಳಿಗಿಂತ ಹೆಚ್ಚು ಚೀಟಿ ಬಂದದ್ದು ನಮ್ಮ ಮೇಷ್ಟ್ರುಗಳಿಂದ!

ಕೆಲವು ವರ್ಷಗಳ ನಂತರ ಕೂಕಟ್‌ಪಲ್ಲಿಯಲ್ಲಿ ಕಿಕ್ಕಿರಿದ ಬಸ್ಸು ಹತ್ತಿದೆ. "ಬಾಯಾರ, ಬರ್ರಿ, ಇಲ್ಲಿ ಜಾಗ ಐತಿ!" ಎಂಬ ಕೂಗು ಕೇಳಿಸಿತು. ಅವಳೇ. ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಕೊನೆಯ ವರ್ಷದಲ್ಲಿದ್ದಳು, ಆರೋಗ್ಯವಾಗಿದ್ದಳು. ಅವಳ ಮಾತು ಕೇಳುತ್ತಾ ಕೂತು, ಇಳಿಯಬೇಕಿದ್ದ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿದ್ದೆ.