ಊರ್ಮಿಳಾ ಆಂಟಿಯ ಹೊಟ್ಟೆಕಿಚ್ಚು

ಅಮೆರಿಕದ ಜರ್ಮನ್‌ಟೌನಿನ ಒಂದು ಕ್ಲಿನಿಕ್ಕಿನಲ್ಲಿ ಊರ್ಮಿಳಾ ಹದಿನಾರು ವರ್ಷದಿಂದ ಮಕ್ಕಳ ಮನಸ್ಸಿನ ಕಷ್ಟ ಕೇಳುತ್ತಿದ್ದಳು. ಮೈಸೂರಿನಿಂದ ಬಂದು, ಇಬ್ಬರು ಮಕ್ಕಳನ್ನು ಬೆಳೆಸುತ್ತಲೇ ಸೋಶಿಯಲ್ ವರ್ಕ್ ಓದಿ ಸಂಪಾದಿಸಿದ ಕುರ್ಚಿ ಅದು. ಅವಳ ಔಷಧ ಒಂದೇ: ಮಗುವಿನ ಜೊತೆ ನೆಲದ ಮೇಲೆ ಕೂತು ಬಣ್ಣ ಹಚ್ಚುವುದು, ಅದು ತಾನಾಗಿ ಬಾಯಿ ಬಿಡುವ ತನಕ ಕಾಯುವುದು. ಮಕ್ಕಳಿಗೆ ಅವಳೆಂದರೆ ಪ್ರಾಣ.

ತೊಂಬತ್ತೇಳರಲ್ಲಿ ವೇದಾ ಕೆಲಸಕ್ಕೆ ಸೇರಿದಳು. ವಯಸ್ಸು ಇಪ್ಪತ್ತೆಂಟು, ಕಂಕುಳಲ್ಲೊಂದು ದಪ್ಪ ಕೈಪಿಡಿ. ಸಂಶೋಧನೆಯಲ್ಲಿ ಫಲ ಕೊಟ್ಟ ಚಿಕಿತ್ಸೆಯನ್ನೇ ಮಾಡಬೇಕು, ವಾರವಾರ ತಾಯಿ ಫಾರಂ ತುಂಬಿ ಮಗುವಿನ ಭಯಕ್ಕೆ ಅಂಕ ಹಾಕಬೇಕು, ಆ ಅಂಕ ಇಳಿಯಬೇಕು ಎಂಬುದು ಅವಳ ಪಾಠ. ಸಾಲದ್ದಕ್ಕೆ ಎಲ್ಲರೆದುರು ‘ಆಂಟಿ’ ಎಂಬ ಕರೆ ಬೇರೆ. ಊರ್ಮಿಳಾಗೆ ಮೈ ಉರಿಯಿತು. ಭಯವೇನು ಜ್ವರವೇ, ಅಳೆಯುವುದಕ್ಕೆ?

ಡೈರೆಕ್ಟರು ಊರ್ಮಿಳಾಳ ಮುದ್ದಿನ ಇಂದುವನ್ನೇ ವೇದಾಗೆ ಒಪ್ಪಿಸಿದರು. ಎಂಟು ವರ್ಷದ ಇಂದು ಸ್ಕೂಲೆಂದರೆ ಹೆದರಿ ಮನೆಯಲ್ಲೇ ಉಳಿಯುತ್ತಿದ್ದ ಹುಡುಗಿ; ಊರ್ಮಿಳಾ ಹತ್ತಿರ ಒಂದೂವರೆ ವರ್ಷ ಬಣ್ಣ ಹಚ್ಚಿದ್ದಳು. ವೇದಾ ಅವಳನ್ನು ಮೊದಲು ಬಸ್‌ಸ್ಟಾಪಿನ ತನಕ, ಆಮೇಲೆ ಸ್ಕೂಲಿನ ಬಾಗಿಲ ತನಕ, ಹೀಗೆ ಒಂದೊಂದೇ ಹೆಜ್ಜೆ ನಡೆಸಿದಳು. ಐದನೇ ವಾರಕ್ಕೆ ಇಂದು ಅರ್ಧ ದಿನ ಕ್ಲಾಸಿನಲ್ಲಿ ಕೂತಳು. ಮೀಟಿಂಗಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಊರ್ಮಿಳಾ ಕೂಡ ತಟ್ಟಿದಳು, ಎಲ್ಲರಿಗಿಂತ ಮೊದಲು ನಿಲ್ಲಿಸಿದಳು.

ಆ ಭಾನುವಾರ ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಇಂದುವಿನ ತಾಯಿ ನೀತಾ ಪುಳಿಯೋಗರೆ ತಟ್ಟೆ ಹಿಡಿದು ಹತ್ತಿರ ಬಂದಳು.

“ಆಂಟಿ, ಫುಲ್ ಡೇ ಸ್ಕೂಲ್ ಅಂದ್ರೆ ತುಂಬ ಅಳ್ತಾಳೆ. ಏನ್ ಮಾಡ್ಲಿ?”

ವೇದಾಳನ್ನು ಕೇಳು ಎನ್ನಬೇಕಿತ್ತು. ಊರ್ಮಿಳಾಗೆ ಅದು ಚೆನ್ನಾಗಿ ಗೊತ್ತಿತ್ತು.

“ನಿನ್ ಮಗು, ನಿನ್ನಿಷ್ಟ. ನಾನಾಗಿದ್ರೆ ಇಷ್ಟೊಂದು ಪುಶ್ ಮಾಡ್ತಿರ್ಲಿಲ್ಲಮ್ಮ.”

ಅಷ್ಟೇ ಸಾಕಾಯಿತು. ಸೋಮವಾರದಿಂದಲೇ ನೀತಾ ಮಗಳನ್ನು ಮನೆಯಲ್ಲಿ ಇಟ್ಟುಕೊಂಡಳು. ಮೂರು ವಾರದಲ್ಲಿ ಭಯದ ಅಂಕ ಮೊದಲಿದ್ದಲ್ಲಿಗೇ ಏರಿತು. ಅದನ್ನು ಕಂಡು ಊರ್ಮಿಳಾಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಳ್ಳೇಕೆ ಹೇಳಬೇಕು, ಅಂದು ಅವಳು ಕಾರಿನಲ್ಲಿ ಹಾಡು ಗುನುಗುತ್ತ ಮನೆಗೆ ಹೋದಳು.

ವೇದಾ ಅತ್ತು ಕೆಂಪಾದ ಕಣ್ಣಿನಲ್ಲೇ ಫೈಲು ತಂದಿಟ್ಟಳು. “ನಾನೇ ಎಲ್ಲೋ ಮಿಸ್ಟೇಕ್ ಮಾಡಿದೀನಿ ಆಂಟಿ. ನಿಮ್ಮನ್ನ ಕಂಡ್ರೆ ಅವಳಿಗೆ ಇಷ್ಟ. ಇನ್ಮೇಲೆ ನೀವೇ ನೋಡ್ಕೊಳ್ಳಿ.”

ಊರ್ಮಿಳಾ ಫೈಲು ತೆಗೆದುಕೊಂಡಳು.

ಮರುವಾರ ಇಂದು ಓಡಿ ಬಂದು ಅವಳ ಕುತ್ತಿಗೆಗೆ ಜೋತುಬಿದ್ದಳು. ಇಬ್ಬರೂ ನೆಲದ ಮೇಲೆ ಕೂತರು.

“ಐ ಮಿಸ್ಡ್ ಯೂ ಆಂಟಿ. ನೀವೇ ಬೆಸ್ಟ್.”

“ಯಾಕೆ ಕಂದಾ?”

“ಬಿಕಾಸ್ ನೀವು ನನ್ನ ಸ್ಕೂಲ್‌ಗೆ ಕಳ್ಸಲ್ಲ.”

ಒಂದೂವರೆ ವರ್ಷ ತಾನು ಬೀಗಿದ್ದು ಇಂಥ ಪ್ರೀತಿಗೆ ಎಂದು ಊರ್ಮಿಳಾಗೆ ನಾಚಿಕೆಯಾಯಿತು. ಮಂಡಿಗೆ ಕೈಕೊಟ್ಟು ಎದ್ದಳು.

“ಎಲ್ಲಿಗೆ ಹೋಗ್ತೀರಾ?”

“ವೇದಾನ ಕರ್ಕೊಂಡು ಬರ್ತೀನಿ. ಅವಳ ಹತ್ರ ನಾನೊಂದು ತಪ್ಪು ಒಪ್ಕೋಬೇಕು. ನಾಳೆಯಿಂದ ನೀನು ಮತ್ತೆ ಸ್ಕೂಲ್‌ಗೆ ಹೋಗ್ಬೇಕು.”

ಇಂದು ಮುಖ ತಿರುಗಿಸಿಕೊಂಡಳು. ಊರ್ಮಿಳಾ ಅದನ್ನು ನೋಡಿಯೂ ಬಾಗಿಲು ತೆರೆದಳು.