ಹಳದಿಯಾಗದಿರಲಿ ಎಂದು ಕಾಯುವ ಹರಿಣಿ

ಮೇ ತಿಂಗಳ ದೆಹಲಿಯಲ್ಲಿ ಹೊತ್ತೇರಿದ ಮೇಲೆ ಈಥರ್ ಬಾಟಲಿ ತೆರೆಯುವಂತಿಲ್ಲ. ನಮ್ಮ ಮೈಯ ಬಿಸಿಗಿಂತ ಕಡಿಮೆ ಬಿಸಿಗೇ ಕುದಿಯುವ ದ್ರವ ಅದು; ಮುಚ್ಚಳ ಸಡಿಲಿಸಿದರೆ ಬುಸ್ಸೆಂದು ಹಾರಿಹೋಗುತ್ತದೆ. ಹಾಗಾಗಿ ದಕ್ಷಿಣ ದೆಹಲಿಯ ಒಂದು ಸಂಶೋಧನಾ ಸಂಸ್ಥೆಯ ಮೂರನೇ ಮಹಡಿಯಲ್ಲಿ ಡಾ. ಹರಿಣಿ ಬೆಳಗಿನ ಜಾವಕ್ಕೇ ಹಾಜರು. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ, ಎದುರಿಗೆ ಮೊಳದುದ್ದದ ಗಾಜಿನ ಕೊಳವೆ. ಅದರಲ್ಲಿ ತುಂಬಿದ ಬಿಳಿ ಪುಡಿಯ ಮೂಲಕ ದ್ರವ ತೊಟ್ಟುತೊಟ್ಟಾಗಿ ಇಳಿಯುತ್ತಿದೆ. ಕೊಳೆ ಮೇಲೆ ಉಳಿದು, ಬೇಕಾದದ್ದು ಕೆಳಗೆ ಬರಬೇಕು.

"ಒಲೆ ಮೇಲೆ ಪಾಕ ಇಟ್ಟ ಹಾಗೆ ಸರ್. ಕಣ್ಣು ಆ ಕಡೆ ಈ ಕಡೆ ಹೋದ್ರೆ ಕೆಟ್ಟಿತು ಅಂತಲೇ ಲೆಕ್ಕ," ಎನ್ನುತ್ತಾರೆ. ಮಾತಿನಲ್ಲಿ ನಗುವಿದೆ, ಕಣ್ಣು ಮಾತ್ರ ಕೊಳವೆಯನ್ನು ಬಿಟ್ಟು ಕದಲುವುದಿಲ್ಲ.

ಪೇಪರಿಗೆ ಒಂದು ಯಶಸ್ಸಿನ ಕಥೆ ಬರೆಯೋಣವೆಂದು ಬಂದವನು ನಾನು. ಬಂದ ಮೇಲೆ ತಿಳಿಯಿತು, ಆ ಯಶಸ್ಸು ನಿಜವೋ ಸುಳ್ಳೋ ಎಂಬುದೇ ಇವತ್ತು ಬೆಳಿಗ್ಗೆ ತೀರ್ಮಾನವಾಗಬೇಕಿದೆ.

ಹರಿಣಿಯವರ ತಂದೆ ದೇವೇಂದ್ರಪ್ಪ ದಾವಣಗೆರೆ ಕಡೆಯಿಂದ ಕೇಂದ್ರ ಸರ್ಕಾರದ ಗುಮಾಸ್ತರಾಗಿ ಬಂದು ಇಲ್ಲೇ ನಿಂತವರು. ತಾಯಿ ಶಾರದಮ್ಮನವರೊಂದಿಗೆ ಮಗಳು ಈಗಲೂ ಕರೋಲ್ ಬಾಗ್‌ನ ಹಳೆಯ ಮನೆಯಲ್ಲೇ ಇದ್ದಾರೆ. ಅವರ ವಿದ್ಯೆ ಸಾವಯವ ರಸಾಯನಶಾಸ್ತ್ರ: ಎಲ್ಲೂ ಇಲ್ಲದ ಅಣುಗಳನ್ನು ಕೈಯಾರೆ ಕಟ್ಟಿ, ಅವು ಜೀವಿಗಳ ಒಳಗೆ ಏನು ಮಾಡುತ್ತವೆ ಎಂದು ನೋಡುವುದು. ಕ್ಷಯರೋಗದ ಸೂಕ್ಷ್ಮಾಣು ಬದುಕಲು ಒಂದು ಕಿಣ್ವ ಬೇಕು. ಬೀಗದ ತೂತಿಗೆ ಬೆಂಕಿಕಡ್ಡಿ ಸಿಕ್ಕಿಸಿದಂತೆ ಆ ಕಿಣ್ವವನ್ನು ಅಡ್ಡಗಟ್ಟುವ ಅಣುವೊಂದನ್ನು ಅವರು ಕಟ್ಟಿದ್ದಾರೆ. ಅದಕ್ಕೆ ಹಿಡಿದದ್ದು ಹದಿನಾಲ್ಕು ವರ್ಷ.

ಆ ವರ್ಷಗಳ ಬಗ್ಗೆ ಕೇಳಿದರೆ ಅವರು ಬೆನ್ನು ತಟ್ಟಿಕೊಳ್ಳುವುದಿಲ್ಲ. ವಿಮಾನ ನಿಲ್ದಾಣದ ಗೋದಾಮಿನ ಸೆಕೆಯಲ್ಲಿ ಹಾಳಾದ ರಾಸಾಯನಿಕಗಳು, ಕರೆಂಟ್ ಹೋಗಿ ಕೆಟ್ಟ ಮಾದರಿಗಳು, ದಿನವಿಡೀ ದ್ರಾವಕದ ವಾಸನೆಗೆ ಬರುವ ತಲೆನೋವು ಎಲ್ಲವನ್ನೂ ನಗುತ್ತಲೇ ಹೇಳುತ್ತಾರೆ. "ಹತ್ತು ಪ್ರಯೋಗದಲ್ಲಿ ಒಂದು ಕೈ ಹಿಡಿದ್ರೆ ಆ ವಾರ ನಮಗೆ ಹಬ್ಬ," ಎನ್ನುತ್ತಾರೆ. ಕೊನೆಗೆ ವಿಜ್ಞಾನ ಪತ್ರಿಕೆಯೊಂದರಲ್ಲಿ ಲೇಖನ ಅಚ್ಚಾಯಿತು. ಗುರುಗ್ರಾಮದ ಒಂದು ಔಷಧ ಕಂಪನಿ ಆ ಅಣುವನ್ನು ಇಲಿಗಳ ಮೇಲೆ ಪರೀಕ್ಷಿಸಲು ಒಪ್ಪಿತು. ಇವತ್ತು ಅವರ ಕಡೆಯವರು ಬಂದು ಔಷಧದ ಪುಡಿಯನ್ನು ಒಯ್ಯಬೇಕು.

ಇಷ್ಟರಲ್ಲಿ ಎಡವಟ್ಟಾಗಿದೆ. ಹರಿಣಿಯವರ ಬಳಿ ಪಿಎಚ್.ಡಿ. ಮಾಡುತ್ತಿರುವ ಗಾನವಿ ಅದೇ ಔಷಧವನ್ನು ಹೊಸದಾಗಿ ತಯಾರಿಸಿದರು. ಕೊನೆಯ ಹಂತಕ್ಕೆ ಯಾವತ್ತೂ ಸತುವಿನ ಪುಡಿ ಹಾಕುವ ರೂಢಿ. ಡಬ್ಬಿಯ ಸತು ಗಂಟುಕಟ್ಟಿದ್ದರಿಂದ ಗಾನವಿ ಹೈಡ್ರೋಜನ್ ಅನಿಲ ಬಳಸಿದರು. ಅಣು ಅದೇ ಬಂತು, ಆದರೆ ಕಿಣ್ವ ಅದಕ್ಕೆ ಜಗ್ಗಲಿಲ್ಲ.

"ನನ್ನ ಕೈಯೇ ಸರಿ ಇಲ್ಲ ಅಂದ್ಕೊಂಡು ಮತ್ತೆ ಮತ್ತೆ ಮಾಡಿದೆ. ಮೇಡಂಗೆ ಹೇಳೋಕೇ ಭಯ ಆಯ್ತು," ಎನ್ನುತ್ತಾರೆ ಗಾನವಿ.

ಹೇಳಿದ ದಿನದಿಂದ ಮೇಡಂಗೆ ನಿದ್ದೆಯಿಲ್ಲ. ಇಷ್ಟು ವರ್ಷ ಕಿಣ್ವವನ್ನು ತಡೆದದ್ದು ತಮ್ಮ ಅಣುವೋ, ಅದಕ್ಕೆ ಅಂಟಿಕೊಂಡು ಬಂದ ಸತುವೋ? ಅಣುವಿನ ರಚನೆ ತೋರಿಸುವ ಅವರ ದೊಡ್ಡ ಯಂತ್ರದ ಕಣ್ಣಿಗೆ ಸತು ಬೀಳುವುದೇ ಇಲ್ಲ. "ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಅಮ್ಮ ಹೇಳ್ತಾನೇ ಇದ್ರು. ನನ್ನ ಪುಡಿನೂ ಬೆಳ್ಳಗೇ ಇತ್ತು ನೋಡಿ!"

ಗಾನವಿಯ ಪುಡಿಯನ್ನು ಈಗ ತಾವೇ ಶುದ್ಧ ಮಾಡಿ, ಮೂರು ನಳಿಕೆ ಜೋಡಿಸುತ್ತಾರೆ. ಮೂರರಲ್ಲೂ ಕಿಣ್ವವಿದೆ, ಅದು ಕೆಲಸ ಮಾಡಿದರೆ ನೀರು ಹಳದಿಯಾಗುತ್ತದೆ, ತಡೆ ಬಿದ್ದರೆ ತಿಳಿಯಾಗಿಯೇ ಉಳಿಯುತ್ತದೆ. ಮೊದಲನೆಯದಕ್ಕೆ ಸತು ಹಾಕಿ ಮಾಡಿದ ಹಳೆಯ ಪುಡಿ, ಎರಡನೆಯದಕ್ಕೆ ಗಾನವಿಯ ಪುಡಿ. ಮೂರನೆಯದಕ್ಕೆ ಹಳೆಯ ಪುಡಿಯ ಜೊತೆಗೆ ಸತುವನ್ನು ಕಟ್ಟಿಹಾಕುವ ಒಂದು ದ್ರಾವಣ. ಅದು ಹಳದಿಯಾದರೆ ಎಲ್ಲವೂ ಸತುವಿನ ಕರಾಮತ್ತು ಎಂದೇ ಅರ್ಥ.

ಕಾಯುವಾಗ ಶಾರದಮ್ಮನವರ ಫೋನ್. ಸ್ಪೀಕರ್‌ನಲ್ಲಿ ದನಿ ಗಟ್ಟಿಯಾಗಿಯೇ ಕೇಳುತ್ತದೆ. "ಏನಾಯ್ತೇ? ಊರಿಂದ ಚಾಣಕ್ಯಪುರಿಗೆ ಬಂದಿರೋ ನೆಂಟರಿಗೆಲ್ಲ ನನ್ನ ಮಗಳು ಕ್ಷಯಕ್ಕೆ ಮದ್ದು ಕಂಡುಹಿಡಿದವ್ಳೆ ಅಂತ ಹೇಳಿದೀನಿ."

"ಅಮ್ಮಾ, ಇನ್ನು ಯಾರಿಗೂ ಹೇಳ್ಬೇಡ. ಇಡು ಫೋನು."

ಮೊದಲನೆಯದು ತಿಳಿಯಾಗಿದೆ. ಎರಡನೆಯದು ಹಳದಿಗೆ ತಿರುಗುತ್ತದೆ, ಅದನ್ನು ನಿರೀಕ್ಷಿಸಿದ್ದೆವು. ಮೂರನೆಯದನ್ನು ನಾವು ಮೂವರೂ ಬಗ್ಗಿ ನೋಡುತ್ತೇವೆ. ಹಳದಿಯಾಗದಿರಲಿ ಎಂದು ನಾನು ಮನಸ್ಸಿನಲ್ಲೇ ಹರಕೆ ಹೊತ್ತೆ. ವಿಜ್ಞಾನದ ಜಾಗದಲ್ಲಿ ಮಾಡಬಾರದ ಕೆಲಸ. ಹರಕೆ ಫಲಿಸಲಿಲ್ಲ. ತಳದಿಂದ ಹಳದಿ ಮೆಲ್ಲಗೆ ಏರಿ ಇಡೀ ನಳಿಕೆ ತುಂಬಿತು. ಗಾನವಿ ಬಾಯಿಗೆ ಕೈ ಅಡ್ಡ ಹಿಡಿದರು. ಹರಿಣಿ ಸ್ಟೂಲಿನ ಮೇಲೆ ಕುಳಿತರು, ಅಷ್ಟೆ.

ಆಗಲೇ ಕಂಪನಿಯ ಜೀವನ್ ಬಂದದ್ದು. ಗುರುಗ್ರಾಮದಲ್ಲಿ ನೆಲೆಸಿರುವ ಹುಬ್ಬಳ್ಳಿಯ ಯುವಕ. "ಮೇಡಂ, ಪ್ಯಾಕ್ ಮಾಡಿಬಿಡಿ, ಕ್ಯಾಬ್ ಕೆಳಗೇ ನಿಂತಿದೆ."

"ತಗೊಂಡು ಹೋಗ್ಬೇಡಿ ಜೀವನ್. ಕೆಲಸ ಮಾಡಿದ್ದು ನನ್ನ ಔಷಧ ಅಲ್ಲ, ಸತು."

ಜೀವನ್ ನಳಿಕೆಗಳನ್ನು ನೋಡಿ ದನಿ ತಗ್ಗಿಸಿದರು. "ಅಚ್ಛಾ... ಆದ್ರೂ ಇಲಿ ಮೇಲೆ ಒಂದ್ಸಲ ನೋಡೋಣಲ್ಲ ಮೇಡಂ? ಇದು ಈಗ ಯಾರಿಗೂ ಗೊತ್ತಿಲ್ಲ."

"ಪೇಪರ್‌ನವರು ಪಕ್ಕದಲ್ಲೇ ಕೂತಿದಾರೆ," ಎಂದು ಹರಿಣಿ ನನ್ನತ್ತ ಕೈ ತೋರಿಸಿ ನಕ್ಕರು. ಆಮೇಲೆ ನಗು ಉಳಿಯಲಿಲ್ಲ. "ಇಲ್ದಿದ್ರೂ ಕೊಡ್ತಿರ್ಲಿಲ್ಲ. ಚಲೋ, ನೀವು ಹೊರಡಿ."

ಜೀವನ್ ಹೋದ ಮೇಲೆ ಕಂಪ್ಯೂಟರ್ ತೆರೆದರು. ಲೇಖನವನ್ನು ವಾಪಸ್ ಪಡೆಯುತ್ತೇನೆಂದು ಆ ವಿಜ್ಞಾನ ಪತ್ರಿಕೆಗೆ ಬರೆಯಬೇಕು. ಹದಿನಾಲ್ಕು ವರ್ಷದ ಕೆಲಸಕ್ಕೆ ತಾವೇ ಎಳ್ಳುನೀರು ಬಿಡುವುದನ್ನು ನೋಡಲು ನನಗೆ ಸಂಕಟವಾಯಿತು. ಮುಂದೆ ಏನು ಆಸೆ ಮೇಡಂ ಎಂದು, ಏನು ಕೇಳಬೇಕೆಂದು ತೋಚದೆ ಕೇಳಿದೆ.

"ಪತ್ರಿಕೆಗೆ ಆಮೇಲೆ ಬರೀತೀನಿ," ಎಂದರು. "ಬ್ರೆಜಿಲ್‌ನಲ್ಲಿ ಒಬ್ಳು ಹುಡುಗಿ ನನ್ನ ಲೇಖನ ಓದಿ ಇದನ್ನೇ ಮಾಡ್ತಿದಾಳೆ. ಎಷ್ಟು ಮಾಡಿದ್ರೂ ಫಲಿತಾಂಶ ಬರ್ತಿಲ್ಲ ಅಂತ ಹೋದ ತಿಂಗಳು ಬರೆದಿದ್ಲು. ಇನ್ನೂ ಹುಷಾರಾಗಿ ಮಾಡು ಅಂತ ಬುದ್ಧಿ ಹೇಳಿ ಕಳಿಸಿದೆ. ಅವಳ ಪುಡೀಲಿ ಸತು ಉಳಿದಿರಲ್ಲ, ಅಷ್ಟೇ. ಮೊದಲು ಅವಳಿಗೆ ಬರೀಬೇಕು ಸರ್, ನಿನ್ನ ಕೈ ಸರಿಯಾಗೇ ಇದೆ ಮಗಾ ಅಂತ."