ಎರಡನೇ ಪಟ್ಟಿಯಲ್ಲಿ ಇಲ್ಲದ ನಂಬರು

ರಕ್ತ ತೆಗೆಯುವುದು ನನ್ನ ಕೆಲಸ. ಕೊಪ್ಪದ ಪೇಟೆಯಲ್ಲಿ ಒಂದು ಸಣ್ಣ ಲ್ಯಾಬಿದೆ. ಅಲ್ಲಿ ಹನ್ನೊಂದು ವರ್ಷದಿಂದ ಸೂಜಿ, ಟ್ಯೂಬು, ಯಂತ್ರ ಎಂದುಕೊಂಡೇ ದಿನ ಕಳೆದವಳು ನಾನು. ನನ್ನ ಕೈ ಹಗುರ, ಚುಚ್ಚಿದ್ದೇ ಗೊತ್ತಾಗುವುದಿಲ್ಲ ಅನ್ನುವ ಮಾತು ಸುತ್ತಮುತ್ತ ಇತ್ತು. ಸಂಶೋಧನೆಯವರು ನನ್ನನ್ನು ಹುಡುಕಿಕೊಂಡು ಬಂದದ್ದು ಆ ಮಾತು ಕೇಳಿಯೇ.

ಅಡಿಕೆಗೆ ಎಲೆಚುಕ್ಕಿ ರೋಗ ಬಂದು, ಶೃಂಗೇರಿಯಿಂದ ನರಸಿಂಹರಾಜಪುರದವರೆಗೆ ಎಲ್ಲ ಕಡೆ ಔಷಧಿ ಹೊಡೆಯುವ ಭರಾಟೆ ನಡೆದಿದ್ದ ಕಾಲ. ದೂರದ ಊರಿನ ಒಂದು ಕಾಲೇಜಿನವರು ಮೂರು ವಿಭಾಗ ಸೇರಿಸಿ ಒಂದು ಯೋಜನೆ ತಂದಿದ್ದರು. ಬೆಳೆ ವಿಜ್ಞಾನದವರು ರೋಗ ಬಿದ್ದ ಅಡಿಕೆ ಸೋಗೆ ನೋಡುವುದು, ಔಷಧ ವಿಶ್ಲೇಷಣೆಯವರು ಹೊಡೆದ ಔಷಧಿಯ ಅಂಶ ಕಾಯಿಯಲ್ಲಿ, ಮಣ್ಣಿನಲ್ಲಿ ಎಷ್ಟು ಉಳಿಯುತ್ತದೆಂದು ಯಂತ್ರದಲ್ಲಿ ಅಳೆಯುವುದು, ವೈದ್ಯ ವಿಭಾಗದವರು ಔಷಧಿ ಹೊಡೆಯುವವರ ರಕ್ತ ಪರೀಕ್ಷೆ ಮಾಡುವುದು. ಹೊಡೆಯುವ ಮೊದಲು ಒಮ್ಮೆ, ಹಂಗಾಮು ಮುಗಿದ ಮೇಲೆ ಇನ್ನೊಮ್ಮೆ. ಊರ ಭಾಷೆ ಬಲ್ಲ, ಜನ ನಂಬುವ ಒಬ್ಬರು ಅವರಿಗೆ ಬೇಕಿತ್ತು. ಲ್ಯಾಬಿನ ಯಜಮಾನರು ಒಂದು ವರ್ಷದ ಮಟ್ಟಿಗೆ ನನ್ನನ್ನು ಬಿಟ್ಟುಕೊಟ್ಟರು.

ನನಗೆ ಹೆಮ್ಮೆಯೇ ಆಗಿತ್ತು. ಅಷ್ಟು ವರ್ಷ ಯಾರದೋ ಸಕ್ಕರೆ, ಯಾರದೋ ಥೈರಾಯ್ಡ್ ಎಂದು ಚೀಟಿ ಬರೆದವಳಿಗೆ ಸಂಶೋಧನೆ ಅನ್ನುವ ಶಬ್ದವೇ ದೊಡ್ಡದಾಗಿ ಕೇಳಿಸಿತ್ತು. ಯೋಜನೆಯ ಮುಖ್ಯಸ್ಥರು ಸಜ್ಜನರು, ಮೆಲುಮಾತಿನವರು. ನನ್ನನ್ನು "ನೀವು" ಎಂದೇ ಕರೆಯುತ್ತಿದ್ದರು. ಮೊದಲ ದಿನವೇ, "ಈ ಜನರಿಗೋಸ್ಕರ ಮಾಡ್ತಿರೋ ಕೆಲಸ ಇದು, ನೆನಪಿರಲಿ" ಎಂದಿದ್ದರು. ನಾನು ನೆನಪಿಟ್ಟುಕೊಂಡೆ.

ಮುತ್ತಿನಕೊಪ್ಪದ ಕಡೆಯ ಒಂದು ಅಂಗನವಾಡಿಯ ಜಗಲಿಯಲ್ಲಿ ನಾನು ಆ ಗಂಡಹೆಂಡತಿಯನ್ನು ಮೊದಲು ಕಂಡೆ. ಅವನಿಗೆ ನಲವತ್ತರ ಆಸುಪಾಸು. ತೆಳ್ಳಗಿನ, ಗಟ್ಟಿ ಮೈಯ ಆಳು. ಪೈಪು ಕಟ್ಟಿದ ಉದ್ದನೆಯ ದೋಟಿಗೋಲನ್ನು ನೆಲದ ಮೇಲೆ ನಿಂತೇ ಮರದ ತುದಿಗೆ ಎತ್ತಿ ಹಿಡಿದು ಔಷಧಿ ಹೊಡೆಯುವುದರಲ್ಲಿ ಸುತ್ತಲ ಹತ್ತು ಊರಿಗೆ ಅವನೇ ಬೇಕು. ಮೇಲೆ ನೋಡುತ್ತಲೇ ಹೊಡೆಯಬೇಕಾದ್ದರಿಂದ ಎಲೆಗೆ ಬಿದ್ದಷ್ಟೇ ಮುಖಕ್ಕೂ ಬೀಳುತ್ತದೆ. ಅವನ ಹೆಂಡತಿ ಕೆಳಗೆ ಡ್ರಮ್ಮಿನಲ್ಲಿ ಔಷಧಿ ಕಲಸಿ ಕೊಡುವವಳು. ಕೋಲು ಸಿಗದಿದ್ದರೆ ಮೊಣಕೈವರೆಗೆ ಕೈ ಹಾಕಿಯೇ ತಿರುಗಿಸುತ್ತೇನೆ ಎಂದು ಅವಳೇ ಹೇಳಿದಳು.

"ನಂದೂ ತೆಗೀರಿ ಅಕ್ಕ" ಎಂದು ಸೆರಗು ಸರಿಸಿ ಕೈ ಚಾಚಿದಳು.

ನಾನು ಫಾರಂ ನೋಡಿದೆ. ಔಷಧಿ ಸಿಂಪಡಿಸುವವರು ಮಾತ್ರ ಎಂದು ಇತ್ತು. ಕಲಸುವವರ ಮಾತೇ ಇರಲಿಲ್ಲ.

"ನಿಮ್ದು ಬರೋದಿಲ್ಲ ಇದ್ರಲ್ಲಿ" ಎಂದೆ.

"ಎಂತಕ್ಕೆ? ಅದೇ ಔಷಧಿ ಅಲ್ದಾ?"

ಅವನು ನಕ್ಕ. "ನಿನ್ನ ರಕ್ತ ತಗಂಡು ಎಂತ ಮಾಡ್ತಾರೆ ಮಾರಾಯ್ತಿ, ಅವರಿಗೆ ಗಟ್ಟಿ ಆಳಿನ ರಕ್ತ ಬೇಕು."

ಫಾರಮ್ಮಿನಲ್ಲಿ "ಫಲಿತಾಂಶಗಳನ್ನು ಗೌಪ್ಯವಾಗಿ ಇಡಲಾಗುವುದು" ಎಂಬ ಸಾಲೊಂದಿತ್ತು. ನಾನು ಓದಿ ಹೇಳುವಾಗ ಅವಳು ತಡೆದಳು.

"ಗೌಪ್ಯ ಅಂದ್ರೆ ನಮಗೂ ಹೇಳದಿಲ್ವಾ?"

"ಅಯ್ಯೋ, ನಿಮಗೆ ಹೇಳದೆ ಇರ್ತೀವಾ! ಬೇರೆಯವರಿಗೆ ಹೇಳೋದಿಲ್ಲ ಅಂತ" ಎಂದೆ. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಹಾಗೇ ಇರಬೇಕೆಂದು ನಾನೇ ತಿಳಿದುಕೊಂಡಿದ್ದೆ. ಅವನು ಸಹಿ ಹಾಕಿದ. ಮೂರು ಟ್ಯೂಬು ತೆಗೆದೆ, ಹೆಸರಿನ ಬದಲು ನಂಬರು ಅಂಟಿಸಿದೆ, ಯಾವ ನಂಬರು ಯಾರದೆಂದು ನನ್ನ ಪುಸ್ತಕದಲ್ಲಿ ಬರೆದುಕೊಂಡೆ, ಐಸ್ ಬಾಕ್ಸಿನಲ್ಲಿ ಇಟ್ಟೆ.

ಆ ಬೇಸಿಗೆಯೆಲ್ಲ ಬಸ್ಸಿನಲ್ಲೇ ಓಡಾಡಿದೆ. ಇವತ್ತು ಹರಿಹರಪುರ, ನಾಳೆ ಬಾಳೆಹೊನ್ನೂರು. ಕಾಲಿನ ಹತ್ತಿರ ಐಸಿನ ಡಬ್ಬಿ ಇಟ್ಟುಕೊಂಡು, ಘಾಟಿಯ ತಿರುವಿನಲ್ಲಿ ಅದು ಉರುಳದಂತೆ ಹಿಡಿದುಕೊಂಡು ಕೂರುತ್ತಿದ್ದೆ. ಬಸ್ಸು ಕೆಟ್ಟು ನಿಂತ ದಿನ ಐಸು ಕರಗೀತೆಂದು ಕಣ್ಣಲ್ಲಿ ನೀರು ಬಂದದ್ದೂ ಉಂಟು. ಆ ಟ್ಯೂಬುಗಳ ಮೇಲೆ ಅಷ್ಟು ಕಾಳಜಿ ನನಗೆ.

ಹಂಗಾಮು ಮುಗಿದು ಎರಡನೇ ಸಲದ ಪಟ್ಟಿ ಮೊಬೈಲಿಗೆ ಬಂತು. ಯಾರ ಯಾರ ರಕ್ತ ಮತ್ತೆ ತೆಗೆಯಬೇಕೆಂದು ಬರೀ ನಂಬರುಗಳು. ನನ್ನ ಪುಸ್ತಕ ಎದುರಿಗಿಟ್ಟು ತಾಳೆ ನೋಡುವಾಗ ಅವನ ನಂಬರು ಇರಲಿಲ್ಲ. ಇನ್ನೂ ಕೆಲವರದು ಇರಲಿಲ್ಲ. ಬಿಟ್ಟುಹೋಗಿರಬೇಕೆಂದು ಮುಖ್ಯಸ್ಥರಿಗೆ ಫೋನು ಮಾಡಿದೆ.

"ಬಿಟ್ಟುಹೋಗಿಲ್ಲ, ಅವನ್ನ ಎಕ್ಸ್‌ಕ್ಲೂಡ್ ಮಾಡಿದೀವಿ" ಎಂದರು. "ಶುರುವಿನಲ್ಲೇ ವ್ಯಾಲ್ಯೂ ಸರಿ ಇರಲಿಲ್ಲ. ಅಂಥವನ್ನ ಇಟ್ಕೊಂಡ್ರೆ ಡೇಟಾ ಹಾಳಾಗುತ್ತೆ."

"ಅವರಿಗೆ ಏನಂತ ಹೇಳಲಿ ಸರ್?"

"ಈ ಸಲ ಬೇಡ ಅಂತ ಹೇಳಿ, ಸಾಕು."

ವ್ಯಾಲ್ಯೂ ಸರಿ ಇಲ್ಲ ಅಂದರೆ ಏನೆಂದು ತಿಳಿಯದವಳಲ್ಲ ನಾನು. ಹನ್ನೊಂದು ವರ್ಷ ಅದನ್ನೇ ನೋಡಿದವಳು. ಯಾವ ವ್ಯಾಲ್ಯೂ, ಎಷ್ಟು ಎಂದು ಕೇಳಬಹುದಿತ್ತು. ಕೇಳಲಿಲ್ಲ. ದಾರಿಯಲ್ಲಿ ಐಸು ಕರಗಿ ಸ್ಯಾಂಪಲ್ಲೇ ಕೆಟ್ಟಿರಬೇಕು ಎಂದು ನನಗೆ ನಾನೇ ಒಂದು ಕಾರಣ ಕೊಟ್ಟುಕೊಂಡೆ. ಅವನ ಟ್ಯೂಬು ಹೋದ ದಿನ ಬಸ್ಸು ಸರಿಯಾದ ಹೊತ್ತಿಗೇ ಹೋಗಿತ್ತೆಂದು ನನ್ನ ಪುಸ್ತಕದಲ್ಲೇ ಬರೆದಿತ್ತು.

ಅಂಗನವಾಡಿ ಜಗಲಿಗೆ ಅವನೂ ಬಂದಿದ್ದ. ಅಂಗಿಯ ತೋಳು ಮಡಚಿಯೇ ನಿಂತಿದ್ದ.

"ನಿಮ್ದು ಈ ಸಲ ಬೇಡವಂತೆ ಅಣ್ಣ."

ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಸಾಲಿನಲ್ಲಿ ನಿಂತವರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ: "ಹಂಗಾರೆ ನಂದು ಒಂದೇ ಸಲಕ್ಕೆ ಪಾಸಾತು! ನೀವೆಲ್ಲ ಇನ್ನೊಂದು ಸಲ ಚುಚ್ಚಿಸ್ಕಳಿ ಮಾರಾಯ್ರೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಯಾವುದೆಂದು ಯಾರಾದರೂ ಕೇಳಿದರೆ, ಆ ನಗು ಎನ್ನುತ್ತೇನೆ. ಮುಂದಿನ ಹಂಗಾಮಿನಲ್ಲಿ ಅವನು ಮೊದಲಿಗಿಂತ ಹೆಚ್ಚು ತೋಟ ಹಿಡಿದ. ದೊಡ್ಡ ಡಾಕ್ಟರುಗಳು ಪಾಸು ಮಾಡಿದ ರಕ್ತ ಎಂದು ಹೇಳಿಕೊಂಡು ತಿರುಗುತ್ತಿದ್ದನಂತೆ.

ಯೋಜನೆ ಮುಗಿದು ನಾನು ಕೊಪ್ಪದ ಲ್ಯಾಬಿಗೆ ಮರಳಿದ್ದೆ. ಒಂದು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಗಂಡಹೆಂಡತಿ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು. ಅವನ ಕಣ್ಣು ಅರಿಶಿನ ಹಚ್ಚಿದ ಹಾಗಿತ್ತು. ಹೊಟ್ಟೆ ಮುಂದೆ ಬಂದಿತ್ತು, ಕೈಕಾಲು ಮಾತ್ರ ಕಡ್ಡಿ. ಕಾಮಾಲೆಯೆಂದು ನಾಟಿ ಔಷಧಿ ಮಾಡಿ, ಗುಣ ಕಾಣದೆ ಡಾಕ್ಟರ ಹತ್ತಿರ ಹೋಗಿ ಚೀಟಿ ಬರೆಸಿಕೊಂಡು ಬಂದಿದ್ದರು.

"ಡಾಕ್ಟ್ರು ಕುಡಿತೀಯಾ ಅಂತ ಕೇಳಿದ್ರು ಅಕ್ಕ" ಎಂದ, ಕುರ್ಚಿಯಲ್ಲಿ ಕೂರುತ್ತ. "ಇಲ್ಲ ಅಂದ್ರೆ ನಂಬದಿಲ್ಲ. ನನ್ನ ಜನ್ಮದಲ್ಲಿ ಮುಟ್ಟಿದವ ಅಲ್ಲ ನಾನು."

"ಹೌದು, ಇವ್ರು ಕುಡಿಯದಿಲ್ಲ" ಎಂದಳು ಹೆಂಡತಿ. ನ್ಯಾಯಾಧೀಶರ ಮುಂದೆ ಸಾಕ್ಷಿ ಹೇಳುವ ಹಾಗಿತ್ತು ಅವಳ ದನಿ.

ನಾನೇ ರಕ್ತ ತೆಗೆದೆ, ನಾನೇ ಯಂತ್ರಕ್ಕೆ ಹಾಕಿದೆ. ಲಿವರಿನ ಅಂಕೆಗಳು ಕೆಟ್ಟಿದ್ದವು. ಹೆಪಟೈಟಿಸ್ ಬಿ ಪರೀಕ್ಷೆಯ ಸ್ಟ್ರಿಪ್ಪಿನಲ್ಲಿ ಎರಡು ಗೆರೆ ಎದ್ದವು, ಲಿವರು ತಿನ್ನುವ ಆ ವೈರಸ್ಸು ಇದೆ ಎಂದೇ ಅರ್ಥ. ಗೆರೆ ಏಳುವ ಮೊದಲೇ ನನಗೆ ಗೊತ್ತಿತ್ತು ಅನ್ನಿಸುತ್ತದೆ. ಇದು ಒಂದು ವಾರದಲ್ಲೋ ತಿಂಗಳಲ್ಲೋ ಬಂದದ್ದಲ್ಲ. ಔಷಧಿ ಹೊಡೆದು ಬಂದದ್ದೂ ಅಲ್ಲ. ಅವನು ಅಂಗನವಾಡಿ ಜಗಲಿಯಲ್ಲಿ ಕೈ ಚಾಚಿ ಕೂತಿದ್ದ ದಿನವೇ ಒಳಗಿದ್ದದ್ದು.

ಮಧ್ಯಾಹ್ನ ಮುಖ್ಯಸ್ಥರಿಗೆ ಫೋನು ಮಾಡಿದೆ. ಆ ನಂಬರಿನ ಮೊದಲ ರಿಪೋರ್ಟು ಬೇಕು ಎಂದೆ.

"ಅದು ಕೋಡ್ ಹಾಕಿರೋ ಡೇಟಾ. ಯಾರದ್ದು ಅಂತ ನಮಗೇ ಗೊತ್ತಿರಲ್ಲ. ಕೊಡೋಕೆ ಬರಲ್ಲ."

"ಕೋಡು ನನ್ನ ಪುಸ್ತಕದಲ್ಲಿದೆ ಸರ್. ಯಾರದ್ದು ಅಂತ ನನಗೆ ಗೊತ್ತು."

"ಆ ಪುಸ್ತಕ ನೀವು ವಾಪಸು ಕೊಡಬೇಕಿತ್ತಲ್ಲ" ಎಂದರು. ಆಮೇಲೆ, ಅದೇ ಮೆಲುದನಿಯಲ್ಲಿ, "ನೋಡಿ, ನಾವು ಮಾಡಿದ್ದು ಆರೋಗ್ಯ ಶಿಬಿರ ಅಲ್ಲ, ಸಂಶೋಧನೆ. ನೀವು ಭಾವನಾತ್ಮಕವಾಗಿ ತಗೋಬೇಡಿ."

ಕಾಲೇಜಿನ ಲ್ಯಾಬಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ಹೆಂಗಸೊಬ್ಬರ ಪರಿಚಯ ನನಗಿತ್ತು. ಡಬ್ಬಿ ತಲುಪಿತೇ ಎಂದು ಕೇಳಲು ಅವರಿಗೇ ಫೋನು ಮಾಡುತ್ತಿದ್ದುದು. ಅವರಿಗೆ ಎಲ್ಲ ಹೇಳಿದೆ. ಎರಡು ದಿನ ಉತ್ತರವಿಲ್ಲ. ಮೂರನೇ ದಿನ ಒಂದು ಫೋಟೋ ಬಂತು. ಹಾಳೆಯ ಒಂದೇ ಸಾಲು. ನಂಬರು, ಅದರ ಮುಂದೆ ಇರಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿದ್ದ ಲಿವರಿನ ಅಂಕೆ, ಅದರ ಮುಂದೆ ಕೈಬರಹದಲ್ಲಿ ಒಂದು ತಪ್ಪು ಗುರುತು. ಫೋಟೋದ ಕೆಳಗೆ, "ದಯವಿಟ್ಟು ನನ್ನ ಹೆಸರು ಹೇಳಬೇಡಿ" ಎಂದಿತ್ತು. ಹೇಳಲಿಲ್ಲ, ಹೇಳುವುದೂ ಇಲ್ಲ.

ಅಷ್ಟು ಹೊತ್ತಿಗೆ ಅವನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದರು. ಎರಡು ಸಲ ಹೊಟ್ಟೆಯ ನೀರು ತೆಗೆದಿದ್ದರು. ನಾನು ಹೋದಾಗ ಅವನು ನಿದ್ದೆಯಲ್ಲಿದ್ದ. ಹೆಂಡತಿಯನ್ನು ಹೊರಗಿನ ಬೆಂಚಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಮೊದಲ ರಕ್ತದಲ್ಲೇ ಕಾಣಿಸಿತ್ತು, ಅದಕ್ಕೇ ಎರಡನೇ ಸಲ ಬೇಡವೆಂದದ್ದು, ನನಗೂ ಅನುಮಾನ ಬಂದಿತ್ತು, ನಾನು ಕೇಳಲಿಲ್ಲ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೆರಳು ಮಡಚುತ್ತ ಆ ಬೇಸಿಗೆಯಿಂದ ಈಚೆಗೆ ಅವನು ಔಷಧಿ ಹೊಡೆದ ತೋಟಗಳನ್ನು ಒಂದೊಂದಾಗಿ ಹೇಳುತ್ತ ಹೋದಳು. ಮೇಲಿನಕೇರಿಯದು, ಹೊಳೆಬದಿಯದು, ಗುಡ್ಡದ ಆಚೆಯದು. ಕೈಬೆರಳು ಮುಗಿದ ಮೇಲೆ ಕೇಳಿದಳು.

"ಆಗಲೇ ಗೊತ್ತಾಗಿದ್ರೆ ಎಂತ ಮಾಡ್ಬಹುದಿತ್ತು?"

"ಮಾತ್ರೆ ಇದೆ. ದಿನಾ ಒಂದು. ಸರ್ಕಾರಿ ಆಸ್ಪತ್ರೆಯಲ್ಲೇ ಕೊಡ್ತಾರೆ. ಇಷ್ಟು ದೂರ ಬರದ ಹಾಗೆ ತಡೀಬಹುದಿತ್ತೇನೋ."

"ದಿನಾ ಒಂದು" ಎಂದಳು. ಮತ್ತೆ, "ಒಂದೇ?" ಎಂದಳು.

ಗಂಡನಿಂದ ಅವಳಿಗೂ ತಗುಲಿರಬಹುದೆಂದು, ಪರೀಕ್ಷೆ ಮಾಡಬೇಕೆಂದು ಹೇಗೋ ಬಾಯಿಬಿಟ್ಟೆ. ಅಂದು ನಂದೂ ತೆಗೀರಿ ಎಂದು ಚಾಚಿದ್ದ ಕೈಯನ್ನು ಈಗ ನಾನಾಗಿಯೇ ಹಿಡಿದೆ. ಕೈ ಕೊಟ್ಟಳು, ಮುಖ ಮಾತ್ರ ಗೋಡೆಯ ಕಡೆ ಇತ್ತು. ಅವಳ ರಕ್ತದಲ್ಲಿ ಏನೂ ಇರಲಿಲ್ಲ. ಫೋನಿನಲ್ಲಿ ಹೇಳಿದಾಗ "ಆಗ್ಲಿ" ಎಂದಷ್ಟೇ ಅಂದು ಇಟ್ಟಳು.

ಅವನು ದೀಪಾವಳಿಗೆ ಎಂಟು ದಿನ ಇರುವಾಗ ತೀರಿಕೊಂಡ. ಮಾತ್ರೆ ಶುರುವಾಗಿತ್ತು, ಆದರೆ ಕಾಯಿಲೆ ಅಷ್ಟು ಹೊತ್ತಿಗೆ ಮುಂದೆ ಹೋಗಿತ್ತು. ಊರಿನಲ್ಲಿ ಅರ್ಧ ಜನ ಔಷಧಿಯ ವಿಷ ಎಂದರು, ಅರ್ಧ ಜನ ಕದ್ದು ಕುಡಿಯುತ್ತಿದ್ದಿರಬೇಕು ಎಂದರು. ನಾನು ಹೋದಲ್ಲೆಲ್ಲ ಎರಡೂ ಅಲ್ಲವೆಂದು ಹೇಳಿದೆ. ಹಾಗಾದರೆ ಏನು ಎಂದು ಕೇಳಿದವರಿಗೆ ಕಾಯಿಲೆಯ ಹೆಸರು ಹೇಳಿದೆ. ಯಾಕೆ ಗೊತ್ತಾಗಲಿಲ್ಲ ಎಂದವರೆದುರು ಮಾತ್ರ ಮೊದಮೊದಲು ಮಾತು ಬದಲಿಸುತ್ತಿದ್ದೆ.

ಪಟ್ಟಿಯಲ್ಲಿ ಬಿಟ್ಟ ಉಳಿದವರನ್ನು ನನ್ನ ಪುಸ್ತಕ ಹಿಡಿದು ಒಬ್ಬೊಬ್ಬರಾಗಿ ಹುಡುಕಿದೆ. ಭಾನುವಾರ ಬಂದರೆ ಬಸ್ಸು ಹತ್ತುತ್ತಿದ್ದೆ. ಒಬ್ಬನಿಗೆ ಅದೇ ಕಾಯಿಲೆ ಇತ್ತು. ಅವನೀಗ ಮಾತ್ರೆ ತಿನ್ನುತ್ತ ಗಟ್ಟಿಯಾಗಿದ್ದಾನೆ. ಇನ್ನೊಬ್ಬ ನಿಜವಾಗಿಯೂ ಕುಡಿಯುವವನು, ನನ್ನನ್ನು ಬೈದು ಕಳಿಸಿದ. ಶೃಂಗೇರಿ ಕಡೆಯ ಒಬ್ಬರು ಸಿಗಲೇ ಇಲ್ಲ, ಕೆಲಸಕ್ಕೆಂದು ಘಟ್ಟ ಇಳಿದು ಹೋದರಂತೆ.

ಮರುವರ್ಷ ಕೊಪ್ಪದ ಒಂದು ಸಭಾಭವನದಲ್ಲಿ ಯೋಜನೆಯವರು ಬೆಳೆಗಾರರನ್ನು ಕರೆದು ಫಲಿತಾಂಶ ಹೇಳಿದರು. ಪರದೆಯ ಮೇಲೆ ಚುಕ್ಕಿ ಬಿದ್ದ ಸೋಗೆ, ಯಂತ್ರದ ಗೆರೆಗಳು, ಬಣ್ಣದ ಕಂಬಗಳು. ಕಾಯಿಯಲ್ಲಿ ಔಷಧಿ ಉಳಿಯುವ ಬಗ್ಗೆ ಬೆಳೆಗಾರರು ಬಹಳ ಪ್ರಶ್ನೆ ಕೇಳಿದರು. ಮಾರಾಟಕ್ಕೆ ತೊಂದರೆಯಾಗುತ್ತದೆಯೇ ಎಂಬ ಚಿಂತೆ ಅವರದು. ಔಷಧಿ ಹೊಡೆಯುವವರು ಯಾರೂ ಅಲ್ಲಿ ಇರಲಿಲ್ಲ. ಅವತ್ತು ಕೆಲಸದ ದಿನ.

ಕೊನೆಗೆ ನಾನು ಎದ್ದು ನಿಂತೆ. ಮೈಕು ಕೊಟ್ಟರು.

"ಮೊದಲ ಪರೀಕ್ಷೆಯಲ್ಲಿ ಕಾಯಿಲೆ ಕಂಡವರಿಗೆ ಯಾಕೆ ತಿಳಿಸಲಿಲ್ಲ?" ಎಂದು ಕೇಳಿದೆ. "ಅವರಲ್ಲಿ ಒಬ್ಬರು ತೀರಿಕೊಂಡಿದ್ದಾರೆ."

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. "ಬಹಳ ಮುಖ್ಯವಾದ ಪ್ರಶ್ನೆ" ಎಂದರು. "ಮುಂದಿನ ಹಂತದಲ್ಲಿ ಇದನ್ನ ಖಂಡಿತ ಗಮನಿಸ್ತೀವಿ." ಅಷ್ಟರಲ್ಲಿ ಯಾರೋ ಕಾಫಿ ಬಂದಿದೆ ಎಂದರು, ಕುರ್ಚಿಗಳು ಸರಿದವು. ಹೊರಗೆ ಹಂಚುತ್ತಿದ್ದ ಪುಸ್ತಿಕೆಯ ಕೊನೆಯ ಪುಟದಲ್ಲಿ ನನಗೆ ಕೃತಜ್ಞತೆ ಹೇಳಿದ್ದರು, ಹೆಸರು ಹಾಕಿಯೇ. ರಕ್ತ ಕೊಟ್ಟವರಿಗೆ ಹೇಳುವಾಗ ಮಾತ್ರ "ಸಹಕರಿಸಿದ ಎಲ್ಲರಿಗೂ" ಎಂದಿತ್ತು.

ಆ ಮುಂದಿನ ಹಂತ ಈ ವರ್ಷ ಶುರುವಾಗಿದೆ. ನನ್ನನ್ನೂ ಕೇಳಿದ್ದರು. ಪ್ರತಿಯೊಬ್ಬರಿಗೂ ಅವರವರ ರಿಪೋರ್ಟನ್ನು ಕನ್ನಡದಲ್ಲಿ ಬರೆದು ಕೈಗೆ ಕೊಡುವುದಾದರೆ ಬರುತ್ತೇನೆ ಎಂದೆ. ನೋಡೋಣ ಎಂದರು. ಆಮೇಲೆ ಫೋನು ಬರಲಿಲ್ಲ. ಬೇರೆ ಯಾರನ್ನೋ ಗೊತ್ತುಮಾಡಿಕೊಂಡಿದ್ದಾರೆ.

ಹೋದ ತಿಂಗಳು ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನಲ್ಲಿ ಅವನ ಹೆಂಡತಿ ಸಿಕ್ಕಳು. ಕೈಗಳು ಮೊಣಕೈವರೆಗೆ ಒಣಗಿ ಬಿರಿದಿದ್ದವು. ಈಗಲೂ ಔಷಧಿ ಕಲಸುವ ಕೆಲಸಕ್ಕೇ ಹೋಗುತ್ತಿದ್ದಾಳೆ, ಬೇರೆಯವರ ಡ್ರಮ್ಮಿಗೆ. ಹೇಗಿದ್ದೀರಿ ಎಂದು ಕೇಳಿದೆ. ಇದ್ದೇನೆ ಎಂದಳು. ವರ್ಷಕ್ಕೊಮ್ಮೆಯಾದರೂ ಲ್ಯಾಬಿಗೆ ಬನ್ನಿ, ನಾನೇ ಪರೀಕ್ಷೆ ಮಾಡಿಕೊಡುತ್ತೇನೆ ಎಂದೆ.

"ಎಂತಕ್ಕೆ ಅಕ್ಕ?" ಎಂದಳು. "ನೀವು ಬರ್ಕೊಂಡು ಇಟ್ಕಳಕಾ?"

ಮುತ್ತಿನಕೊಪ್ಪದ ಬಸ್ಸು ಬಂತು. ಅವಳು ಹತ್ತಿ, ನಾನು ನಿಂತ ಬದಿಯ ಸೀಟು ಖಾಲಿ ಇದ್ದರೂ ಆಚೆ ಬದಿಗೆ ಹೋಗಿ ಕೂತಳು.